ಬಾಲ್ ಯಾರು ಕೊಡುತ್ತಾರೆ? ಊರೂರು ಸುತ್ತಿದ ಸ್ಪೇನ್ ಸ್ಟ್ರೈಕರ್‌ಗಳ ದಾರಿಗಳ ಹೋಲಿಕೆ

2024ರ ಮೇ 8ರ ಮ್ಯಾಚ್. ನಮ್ಮಲ್ಲಿ ಶುರುವಾಗುವಾಗಲೇ ರಾತ್ರಿ ಹನ್ನೆರಡೂವರೆ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ, ಮ್ಯಾಡ್ರಿಡ್‌ನ ಬರ್ನಬೇವು ಮೈದಾನ. ಬಯರ್ನ್ ಮ್ಯೂನಿಕ್ 1-0 ಮುಂದಿತ್ತು. 81ನೇ ನಿಮಿಷದಲ್ಲಿ ರಿಯಲ್ ಮ್ಯಾಡ್ರಿಡ್ ಕೋಚ್ ಕಾರ್ಲೊ ಅಂಚೆಲೊಟ್ಟಿ 34 ವರ್ಷದ ಹೊಸೆಲು ಅವರನ್ನು ಕಣಕ್ಕಿಳಿಸಿದರು. 88ನೇ ನಿಮಿಷದಲ್ಲಿ ವಿನಿಸಿಯಸ್ ಹೊಡೆದ ಬಾಲ್ ಗೋಲಿ ನೋಯರ್ ಅವರ ಕೈಯಿಂದ ಜಾರಿತು. ಹೊಸೆಲು ಅಲ್ಲಿದ್ದರು. ಗೋಲು. ಮೂರು ನಿಮಿಷ ಕಳೆದ ಮೇಲೆ ರೂಡಿಗರ್ ಎಡಗಡೆಯಿಂದ ಬಾಲ್ ಒಳಗೆ ಕೊಟ್ಟರು. ಮತ್ತೆ ಹೊಸೆಲು, ಮತ್ತೆ ಗೋಲು. ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ್ದರು. ವಿಡಿಯೋ ನೋಡಿ ಗೋಲು ಎಂದೇ ತೀರ್ಪು ಕೊಟ್ಟರು. ಮ್ಯಾಡ್ರಿಡ್ ಫೈನಲ್‌ಗೆ ಹೋಯಿತು.

ಇದೇ ಮನುಷ್ಯ 2022ರಲ್ಲಿ ಸ್ಪೇನಿನ ಅಲಾವೆಸ್ ಕ್ಲಬ್ ಜೊತೆ, ಲೀಗಿನ ಕೊನೆಯ ಸಾಲಿನಲ್ಲಿ ಮುಗಿಸಿ, ಎರಡನೇ ಡಿವಿಷನ್‌ಗೆ ಇಳಿದಿದ್ದರು. 2023ರಲ್ಲಿ ಎಸ್ಪಾನ್ಯೋಲ್ ಜೊತೆ ಮತ್ತೆ ಇಳಿದರು. 2024ರಲ್ಲಿ ಚಾಂಪಿಯನ್ಸ್ ಲೀಗ್ ಕಪ್ ಹಿಡಿದರು. ಮೂರೇ ವರ್ಷದಲ್ಲಿ ಇಷ್ಟೆಲ್ಲ. ಆವತ್ತು ಟೀವಿ ಆಫ್ ಮಾಡಿದ ಮೇಲೂ ನಿದ್ದೆ ಬರಲಿಲ್ಲ. ಊರಿಂದ ಊರಿಗೆ, ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದ ಸ್ಟ್ರೈಕರ್‌ಗಳ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸಿದ್ದು ಆಗಲೇ.

ಸ್ಪೇನಿನಲ್ಲಿ ಇಂಥ ಆಟಗಾರರು ತುಂಬಾ ಜನ. ದೊಡ್ಡ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆಯುತ್ತಾರೆ, ಮೊದಲ ತಂಡದಲ್ಲಿ ಜಾಗ ಸಿಗುವುದಿಲ್ಲ. ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಒಂದು ತೀರ್ಮಾನ ಮಾಡಲೇಬೇಕು. ಮೂವತ್ತೊಂದು ಮೂವತ್ತೆರಡಕ್ಕೆ ಇನ್ನೊಂದು. ದಾರಿಗಳು ಬೇಕಾದಷ್ಟಿವೆ: ಸ್ಪೇನಿನ ಎರಡನೇ ಡಿವಿಷನ್, ಇಂಗ್ಲೆಂಡ್ ಅಥವಾ ಜರ್ಮನಿಯ ದೊಡ್ಡ ಲೀಗ್, ಪೋಲೆಂಡ್, ಉಕ್ರೇನ್, ಗ್ರೀಸ್, ಸೈಪ್ರಸ್, ನಮ್ಮ ಇಂಡಿಯನ್ ಸೂಪರ್ ಲೀಗ್, ಕೊನೆಗೆ ಹುಟ್ಟೂರು. ಯಾವುದು ಒಳ್ಳೆಯದು?

ಎಲ್ಲರೂ ಮೊದಲು ನೋಡುವುದು ಲೀಗಿನ ಹೆಸರು, ಆಮೇಲೆ ಸಂಬಳ. ನಾನು ಮೊದಲು ನೋಡುವುದು ಬೇರೆ. ಆ ತಂಡದಲ್ಲಿ ಇವನಿಗೆ ಬಾಲ್ ಯಾರು ಕೊಡುತ್ತಾರೆ? ಎಷ್ಟು ನಿಮಿಷ ಆಡಿಸುತ್ತಾರೆ? ಮಿಡ್‌ಫೀಲ್ಡರ್ ಆದರೆ ತಾನೇ ಹಿಂದೆ ಬಂದು ಬಾಲ್ ತಗೊಂಡು ಆಡಬಹುದು. ಸ್ಟ್ರೈಕರ್ ಹಾಗಲ್ಲ. ಹಿಂದಿನಿಂದ ಬಾಲ್ ಬರದಿದ್ದರೆ ತೊಂಬತ್ತು ನಿಮಿಷವೂ ಸುಮ್ನೆ ಓಡಿ ಬರಬೇಕು, ಅಷ್ಟೆ. ಕೆಳಗಿನ ಹೋಲಿಕೆಯನ್ನೆಲ್ಲ ನಾನು ಈ ಒಂದು ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ದೊಡ್ಡ ಲೀಗಿನ ಬೆಂಚೋ, ಸಣ್ಣ ಕ್ಲಬ್ಬಿನ ಒಂಬತ್ತನೇ ನಂಬರೋ (ಮುಖ್ಯ ಸ್ಟ್ರೈಕರ್ ತೊಡುವ ಜರ್ಸಿ)

ಹೊಸೆಲು ಹುಟ್ಟಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಸ್ಪೇನಿನ ಗಲೀಸಿಯಾದಿಂದ ದುಡಿಯಲು ಹೋಗಿದ್ದ ಕುಟುಂಬದಲ್ಲಿ. ಸ್ಪೇನಿನ ಸೆಲ್ಟಾ ಕ್ಲಬ್ಬಿನಿಂದ ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡಕ್ಕೆ ಬಂದರು. 2011ರ ಮೇ ತಿಂಗಳಲ್ಲಿ ಮೊದಲ ತಂಡಕ್ಕೆ ಬದಲಿ ಆಟಗಾರನಾಗಿ ಇಳಿದು ಅಲ್ಮೇರಿಯಾ ಮೇಲೆ ಗೋಲನ್ನೂ ಹೊಡೆದರು. ಆದರೆ ಆ ತಂಡದಲ್ಲಿ ಜಾಗ ಎಲ್ಲಿತ್ತು? 2012ರಲ್ಲಿ ಜರ್ಮನಿಯ ಹೊಫೆನ್‌ಹೈಮ್‌ಗೆ ಹೋದರು. ಅಲ್ಲಿಂದ ಫ್ರಾಂಕ್‌ಫರ್ಟ್, ಹ್ಯಾನೋವರ್, ಆಮೇಲೆ ಇಂಗ್ಲೆಂಡಿನ ಸ್ಟೋಕ್, ನಡುವೆ ಒಂದು ಸೀಸನ್ ಲೋನ್ ಮೇಲೆ (ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ) ಸ್ಪೇನಿನ ದೆಪೋರ್ತಿವೊ, ಆಮೇಲೆ ನ್ಯೂಕಾಸಲ್.

ನ್ಯೂಕಾಸಲ್‌ನಲ್ಲಿ ಎರಡು ಸೀಸನ್ ಇದ್ದರು. ಪ್ರೀಮಿಯರ್ ಲೀಗಿನಲ್ಲಿ ಹೊಡೆದಿದ್ದು 6 ಗೋಲು. ಎತ್ತರದ ಆಳು, ತಲೆಯಾಟ ಚೆನ್ನಾಗಿದೆ, ಬೆನ್ನು ಕೊಟ್ಟು ನಿಂತು ಬಾಲ್ ಹಿಡಿದಿಡುವುದೂ ಗೊತ್ತು. ಆದರೆ ತಂಡದ ಆಟ ಹೆಚ್ಚಾಗಿ ತನ್ನದೇ ಅರ್ಧದಲ್ಲಿ ನಡೆಯುತ್ತಿತ್ತು. ಕ್ರಾಸ್ ಬಂದರೆ ತಾನೇ ಹೆಡರ್.

ಅದೇ ಹೊತ್ತಿಗೆ ಲೂಕಾಸ್ ಪೆರೆಸ್ ಕೂಡ ಇಂಗ್ಲೆಂಡಿನಲ್ಲಿದ್ದರು. ಲಾ ಕೊರುನ್ಯಾ ಊರಿನವರು, ಹುಟ್ಟಿದ್ದು 1988ರಲ್ಲಿ. 2015-16ರಲ್ಲಿ ಹುಟ್ಟೂರಿನ ದೆಪೋರ್ತಿವೊಗೆ ಲೀಗಿನಲ್ಲಿ 17 ಗೋಲು ಹೊಡೆದರು. ಸತತ ಏಳು ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ಬ್ರೆಜಿಲ್‌ನ ಬೆಬೆಟೊ ಆ ಕ್ಲಬ್ಬಿನಲ್ಲಿ ಮಾಡಿದ್ದ ದಾಖಲೆ ಮುಟ್ಟಿದರು. 2016ರ ಆಗಸ್ಟ್‌ನಲ್ಲಿ ಆರ್ಸೆನಲ್ ಸುಮಾರು 1.7 ಕೋಟಿ ಪೌಂಡ್ ಕೊಟ್ಟು ಕರೆಸಿಕೊಂಡಿತು. ಅಲ್ಲಿ ಗೋಲು ಹೊಡೆಯುವ ಜಾಗದಲ್ಲಿ ಆಗಲೇ ಸಾಂಚೆಸ್, ಜಿರೂ ಇದ್ದರು. ಆ ಡಿಸೆಂಬರಿನಲ್ಲಿ ಚಾಂಪಿಯನ್ಸ್ ಲೀಗಿನಲ್ಲಿ ಬಾಸೆಲ್ ಮೇಲೆ ಹ್ಯಾಟ್ರಿಕ್ ಹೊಡೆದರೂ ಮತ್ತೆ ಬೆಂಚೇ ಗತಿಯಾಯಿತು. ಮುಂದಿನ ಬೇಸಿಗೆಯಲ್ಲಿ ಅವರ ಒಂಬತ್ತನೇ ನಂಬರ್ ಜರ್ಸಿಯನ್ನು ಹೊಸದಾಗಿ ಬಂದ ಲಕಜೆಟ್‌ಗೆ ಕೊಟ್ಟರು. ಒಂದು ವರ್ಷ ದೆಪೋರ್ತಿವೊಗೆ ಲೋನ್, ಆಮೇಲೆ ಒಂದು ವರ್ಷ ವೆಸ್ಟ್ ಹ್ಯಾಮ್.

2019ರ ಬೇಸಿಗೆಯಲ್ಲಿ ಇವರಿಬ್ಬರೂ ಒಂದೇ ಕ್ಲಬ್ಬಿಗೆ ಬಂದರು. ಬಾಸ್ಕ್ ನಾಡಿನ ವಿಟೋರಿಯಾ ಊರಿನ ಅಲಾವೆಸ್. ಇಂಗ್ಲೆಂಡಿನಲ್ಲಿ ನಡೆಯಲಿಲ್ಲ ಅಂತ ಜನ ಕೈಬಿಟ್ಟಿದ್ದ ಇಬ್ಬರು ಒಟ್ಟಿಗೆ ಮುಂದೆ ನಿಂತರು. ಒಬ್ಬರು ಎತ್ತರದ ಬಾಲ್ ಗೆದ್ದು ಕೆಳಗೆ ಇಳಿಸುವವರು, ಇನ್ನೊಬ್ಬರು ಆ ಬಾಲ್‌ಗೆ ಪಕ್ಕದಿಂದ ನುಗ್ಗಿ ಎಡಗಾಲಲ್ಲಿ ಹೊಡೆಯುವವರು. ಆ ಸೀಸನ್ ಲೀಗಿನಲ್ಲಿ ಹೊಸೆಲು 11 ಗೋಲು, ಲೂಕಾಸ್ ಪೆರೆಸ್ 11 ಗೋಲು. ಅಲಾವೆಸ್ ಇಡೀ ಸೀಸನ್ ಹೊಡೆದಿದ್ದೇ 34! ಅದರಲ್ಲಿ 22 ಇವರಿಬ್ಬರದು. ಅಲಾವೆಸ್ ಕೆಳಗಿಳಿಯದೆ ಉಳಿಯಿತು.

ಈ ಅಂಕಿ ನೋಡಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಕಾಲು ಅದೇ, ತಲೆ ಅದೇ. ಬದಲಾಗಿದ್ದು ಸುತ್ತಲಿನವರು ಮಾತ್ರ. ಹೊಸೆಲು ಅಲ್ಲಿ ಮುಂದಿನ ಎರಡು ಸೀಸನ್ 11 ಮತ್ತು 14 ಗೋಲು ಹೊಡೆದರು. ಎಸ್ಪಾನ್ಯೋಲ್‌ನಲ್ಲಿ 16. ತಂಡ ಇಳಿದರೂ ಗೋಲು ಹೊಡೆದವನನ್ನು ಜನ ಮರೆಯಲಿಲ್ಲ. 2023ರ ಮಾರ್ಚ್‌ನಲ್ಲಿ, 33 ತುಂಬಲು ಎರಡು ದಿನ ಇರುವಾಗ, ಸ್ಪೇನ್ ತಂಡಕ್ಕೆ ಮೊದಲ ಸಲ ಆಡಿದರು. ನಾರ್ವೆ ವಿರುದ್ಧ ಕೊನೆಯ ಹತ್ತು ನಿಮಿಷಕ್ಕೆ ಬಂದು ಎರಡು ಗೋಲು ಹೊಡೆದರು. ಅದೇ ಜೂನ್‌ನಲ್ಲಿ ನೇಷನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಟಲಿ ವಿರುದ್ಧದ ಗೆಲುವಿನ ಗೋಲು ಅವರದೇ. ಆಮೇಲೆ ಲೋನ್ ಮೇಲೆ ರಿಯಲ್ ಮ್ಯಾಡ್ರಿಡ್, ಆಮೇಲೆ ಆ ಮೇ ರಾತ್ರಿ, ಜುಲೈನಲ್ಲಿ ಯುರೋ ಕಪ್.

ಹಾಗಾಗಿ ಇಪ್ಪತ್ತೈದರ ಸ್ಟ್ರೈಕರ್ ಮುಂದೆ ಇವೆರಡು ಬಂದರೆ ನನ್ನ ಓಟು ಸಣ್ಣ ಕ್ಲಬ್ಬಿಗೆ, ಖಚಿತವಾಗಿ. ಬೆಂಚಿನ ಮೇಲೆ ಕೂತ ಎರಡು ವರ್ಷ ವಾಪಸ್ ಬರುವುದಿಲ್ಲ. ಆದರೆ ಮೂವತ್ಮೂರರಲ್ಲಿ ದೊಡ್ಡ ಕ್ಲಬ್ ಕರೆದರೆ ಮಾತು ಬೇರೆ. ಹೊಸೆಲುಗೆ ಮ್ಯಾಡ್ರಿಡ್‌ನಲ್ಲಿ ಸಿಕ್ಕಿದ್ದೂ ಹೆಚ್ಚಾಗಿ ಬದಲಿ ಆಟಗಾರನ ಪಾತ್ರವೇ. ಆದರೆ ತನ್ನ ಕೆಲಸ ಏನು ಅಂತ ಹೋಗುವಾಗಲೇ ಗೊತ್ತಿತ್ತು. ಇಪ್ಪತ್ತೊಂದರಲ್ಲಿ ಅದೇ ಬೆಂಚು ಕಾಯುವ ಜಾಗವಾಗಿತ್ತು, ಮೂವತ್ನಾಲ್ಕರಲ್ಲಿ ಕೆಲಸದ ಜಾಗ.

ಪೂರ್ವದ ಕಡೆಗೆ

ಇದು ಜಾಸ್ತಿ ಜನ ಗಮನಿಸದ ದಾರಿ. ಲೂಕಾಸ್ ಪೆರೆಸ್ ಆರ್ಸೆನಲ್‌ಗೆ ಹೋಗಿದ್ದು ಗೊತ್ತಿರುತ್ತದೆ. ಅದಕ್ಕೂ ಮೊದಲು ಅವರು ಉಕ್ರೇನಿನ ಲ್ವಿವ್ ಊರಿನ ಕಾರ್ಪಾಟಿಯಲ್ಲಿ ಆಡಿದ್ದು, ಅಲ್ಲಿಂದ ಡೈನಮೊ ಕೀವ್‌ಗೆ ಲೋನ್ ಹೋಗಿದ್ದು, ಆಮೇಲೆ ಗ್ರೀಸಿನ ಪಾವೋಕ್‌ಗೆ ಆಡಿದ್ದು ಎಷ್ಟು ಜನಕ್ಕೆ ನೆನಪಿದೆ? ರಾಯೊ ವಯ್ಯೆಕಾನೊದಲ್ಲಿ ಮೊದಲ ತಂಡದ ಬಾಗಿಲಲ್ಲಿ ನಿಂತಿದ್ದ ಹುಡುಗ ಸ್ಪೇನಿನ ಮೇಲಿನ ಡಿವಿಷನ್‌ಗೆ ಬಂದಿದ್ದು ಹೀಗೆ ಸುತ್ತಿ ಬಳಸಿ.

ಈ ದಾರಿಯ ದೊಡ್ಡ ಉದಾಹರಣೆ ಇಗೊರ್ ಅಂಗುಲೊ. ಬಿಲ್ಬಾವೊದವರು, 1984ರಲ್ಲಿ ಹುಟ್ಟಿದವರು, ಅಥ್ಲೆಟಿಕ್ ಬಿಲ್ಬಾವೊ ಅಕಾಡೆಮಿಯಲ್ಲಿ ಬೆಳೆದವರು. ಫ್ರಾನ್ಸಿನ ಕಾನ್, ಸ್ಪೇನಿನ ಕೆಳಗಿನ ಡಿವಿಷನ್‌ಗಳು, ಸೈಪ್ರಸ್, ಗ್ರೀಸ್ ಎಲ್ಲ ಸುತ್ತಿ 2016ರಲ್ಲಿ, 32ನೇ ವಯಸ್ಸಿನಲ್ಲಿ, ಪೋಲೆಂಡಿನ ಗುರ್ನಿಕ್ ಜಾಬ್ಜೆಗೆ ಬಂದರು. ಜಾಬ್ಜೆ ಅಂದರೆ ಕಲ್ಲಿದ್ದಲ ಗಣಿಗಳ ಊರು. ಗುರ್ನಿಕ್ ಅನ್ನುವ ಪದದ ಅರ್ಥವೇ ಗಣಿಯವನು. ಹದಿನಾಲ್ಕು ಸಲ ಲೀಗ್ ಗೆದ್ದಿದ್ದ ಈ ಕ್ಲಬ್ ಆಗ ತಾನೇ ಎರಡನೇ ಡಿವಿಷನ್‌ಗೆ ಇಳಿದಿತ್ತು. ಅಂಗುಲೊ ಮೊದಲ ಸೀಸನ್ 17 ಗೋಲು ಹೊಡೆದರು, ತಂಡ ಮೇಲೆ ಬಂತು. ಮರುವರ್ಷ ಮೇಲಿನ ಲೀಗಿನಲ್ಲಿ 23. 2018-19ರಲ್ಲಿ 24 ಗೋಲು, ಲೀಗಿಗೇ ಮೊದಲಿಗ. ಅದರ ಹಿಂದಿನ ವರ್ಷ ಮೊದಲಿಗರಾಗಿದ್ದವರೂ ಸ್ಪೇನಿನವರೇ, ವಿಸ್ವಾ ಕ್ರಾಕುವ್ ತಂಡದ ಕಾರ್ಲಿತೋಸ್. ಅವರದೂ 24 ಗೋಲು.

ಎರಡು ವರ್ಷ ಸಾಲಾಗಿ ಪೋಲೆಂಡಿನಲ್ಲಿ ಸ್ಪೇನಿನವರೇ ಮುಂದಿದ್ದರು. ಅಲ್ಲಿ ಡಿಫೆಂಡರ್‌ಗಳು ಮೈಕಟ್ಟಿನಲ್ಲಿ ಗಟ್ಟಿ. ಅಂಥವರ ಬೆನ್ನ ಹಿಂದೆ ಯಾವ ಕ್ಷಣದಲ್ಲಿ ಓಡಬೇಕು ಅನ್ನುವುದು ಸ್ಪೇನಿನ ಅಕಾಡೆಮಿಯಲ್ಲಿ ಬೆಳೆದವನಿಗೆ ರಕ್ತದಲ್ಲೇ ಇರುತ್ತದೆ. ಆ ಒಂದು ಕ್ಷಣದ ಲೆಕ್ಕದಲ್ಲೇ ಅಂಗುಲೊ ಬದುಕಿದರು.

ಈ ದಾರಿಯ ಕಷ್ಟವನ್ನೂ ಹೇಳಬೇಕು. ಭಾಷೆ ಗೊತ್ತಿಲ್ಲ, ಚಳಿ ಜಾಸ್ತಿ, ಸ್ಪೇನಿನ ಪೇಪರಿನಲ್ಲಿ ಹೆಸರೇ ಬರುವುದಿಲ್ಲ. ಇಪ್ಪತ್ಮೂರರಲ್ಲಿ ಹೋದರೆ ಲೂಕಾಸ್ ಥರ ವಾಪಸ್ ಬರಬಹುದು. ಮೂವತ್ತೆರಡರಲ್ಲಿ ಹೋದರೆ ವಾಪಸ್ ಬರುವ ಆಸೆ ಇಟ್ಟುಕೊಳ್ಳದೆ ಹೋಗಬೇಕು.

ಸ್ಪೇನಿನಲ್ಲೇ ಉಳಿದು ಎರಡನೇ ಡಿವಿಷನ್ ಆಡುವುದು ಹೇಗೆ? 22 ತಂಡ, ಒಂದೊಂದಕ್ಕೂ 42 ಪಂದ್ಯ. ಮೊದಲ ಎರಡು ತಂಡ ನೇರ ಮೇಲಕ್ಕೆ, ಮೂರರಿಂದ ಆರರವರೆಗಿನ ತಂಡಗಳು ಪ್ಲೇ-ಆಫ್ ಆಡಿ ಇನ್ನೊಂದು ಜಾಗಕ್ಕೆ ಕಿತ್ತಾಡಬೇಕು. ಮೈ ನುಗ್ಗಾಗುವ ಲೀಗ್. ಆದರೆ ಮನೆಗೆ ಹತ್ತಿರ, ಎಲ್ಲರ ಕಣ್ಣಿಗೂ ಬೀಳುತ್ತಾನೆ. ಒಂದು ಸೀಸನ್ ಹದಿನೈದು ಗೋಲು ಹೊಡೆದರೆ ಮೇಲಿನಿಂದ ಫೋನ್ ಬಂದೇ ಬರುತ್ತದೆ. ತಂಡದಲ್ಲಿ ಜಾಗ ಗ್ಯಾರಂಟಿ ಇದ್ದರೆ ಇಲ್ಲೇ ಇರಲಿ. ಇಲ್ಲದಿದ್ದರೆ ಪೋಲೆಂಡ್ ವಿಮಾನ ಹತ್ತಲಿ.

ಹಣ ಜಾಸ್ತಿ, ಜೊತೆಗಾರ ಇಲ್ಲ

ದಾನಿ ಗುಯಿಸಾ ಅವರ ಕಥೆ ಚಿಕ್ಕದಾಗಿ ಹೇಳುತ್ತೇನೆ. ಹೆರೆಸ್ ಊರಿನವರು. 2007-08ರಲ್ಲಿ ಮಯೋರ್ಕಾಗೆ 27 ಗೋಲು ಹೊಡೆದು ಸ್ಪೇನ್ ಲೀಗಿನ ಮೊದಲಿಗರಾದರು. ಹಿಂದೆ ಇಬಗಾಸಾ ಅನ್ನುವ ಅರ್ಜೆಂಟೀನಾದ ಮಿಡ್‌ಫೀಲ್ಡರ್ ಇದ್ದರು. ಇವರು ಓಡುವ ಮೊದಲೇ ಬಾಲ್ ಅಲ್ಲಿರುತ್ತಿತ್ತು. ಆ ಬೇಸಿಗೆಯಲ್ಲಿ ಯುರೋ 2008 ಗೆದ್ದ ಸ್ಪೇನ್ ತಂಡದಲ್ಲಿದ್ದು ಎರಡು ಗೋಲನ್ನೂ ಹೊಡೆದರು. ನೇರ ಟರ್ಕಿಯ ಫೆನರ್‌ಬಾಚೆಗೆ ಹೋದರು. ಅಲ್ಲಿಗೆ ಕೋಚ್ ಆಗಿ ಬಂದವರು ಸ್ಪೇನಿಗೆ ಯುರೋ ಗೆದ್ದುಕೊಟ್ಟ ಲೂಯಿಸ್ ಅರಗೋನೆಸ್. ಕೋಚ್ ಪರಿಚಯದವರು, ಹಣ ಇತ್ತು, ಊರು ತುಂಬ ಅಭಿಮಾನಿಗಳಿದ್ದರು. ಇಬಗಾಸಾ ಇರಲಿಲ್ಲ. ಅರಗೋನೆಸ್ ಒಂದೇ ವರ್ಷಕ್ಕೆ ಹೊರಟರು. ಮಯೋರ್ಕಾದ ಗುಯಿಸಾ ಮತ್ತೆ ಕಾಣಲಿಲ್ಲ. ಆಮೇಲೆ ಗೆಟಾಫೆ, ಮಲೇಷ್ಯಾದ ಜೊಹೋರ್, ಪರಾಗ್ವೆಯ ಸೆರ್ರೊ ಪೊರ್ತೆನ್ಯೊ, ಆಮೇಲೆ ತನ್ನ ಸೀಮೆಯ ಕಾದಿಸ್. 2016ರಲ್ಲಿ ಕಾದಿಸ್ ಎರಡನೇ ಡಿವಿಷನ್‌ಗೆ ಏರಿದಾಗ ಅವರು ಆ ತಂಡದಲ್ಲಿದ್ದರು.

ಕೋಚ್ ಗೊತ್ತಿದ್ದರೆ ಸಾಕು ಅನ್ನುವವರು ಇದನ್ನು ನೋಡಬೇಕು. ಕೋಚ್ ಬದಲಾಗುತ್ತಾರೆ. ಪಾಸ್ ಕೊಡುವವನು ಯಾರು ಅಂತ ಕೇಳಿ.

ಗೋವಾ, ಒಡಿಶಾ ಮತ್ತು ನಮ್ಮ ಕಂಠೀರವ

2017ರ ನವೆಂಬರ್ 30. ಗೋವಾದ ಫತೋರ್ಡಾ ಮೈದಾನ, ಎಫ್‌ಸಿ ಗೋವಾ ಮತ್ತು ಬೆಂಗಳೂರು ಎಫ್‌ಸಿ. ನಮ್ಮ ಬೆಂಗಳೂರಿಗೆ ಅದು ಸೂಪರ್ ಲೀಗಿನ ಮೊದಲ ಸೀಸನ್. ಟೀವಿ ಮುಂದೆ ಕೂತಿದ್ದೆ. ಗೋವಾ ಕಡೆ 34 ವರ್ಷದ ಫೆರಾನ್ ಕೊರೊಮಿನಾಸ್, ಜೆರ್ಸಿ ಮೇಲೆ ಬರೀ 'ಕೊರೊ'. ವಯಸ್ಸಾದ ಆಟಗಾರ, ಏನು ಮಾಡಿಯಾನು ಅಂದುಕೊಂಡಿದ್ದೆ. ಹ್ಯಾಟ್ರಿಕ್ ಹೊಡೆದರು. ಗೋವಾ 4, ಬೆಂಗಳೂರು 3. ಮುಂದಿನ ಪಂದ್ಯದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಇನ್ನೊಂದು ಹ್ಯಾಟ್ರಿಕ್.

ಆಮೇಲೆ ಅವರ ಹಿನ್ನೆಲೆ ಹುಡುಕಿ ಓದಿದೆ. 2006ರಲ್ಲಿ ಎಸ್ಪಾನ್ಯೋಲ್‌ಗೆ ಸ್ಪೇನಿನ ಕಪ್ ಫೈನಲ್‌ನಲ್ಲಿ ಗೋಲು ಹೊಡೆದವರು. ಅದೇ ಸೀಸನ್ನಿನ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ರಿಯಲ್ ಸೊಸಿಯೆದಾದ್ ಮೇಲೆ ಗೋಲು ಹೊಡೆದು ಕ್ಲಬ್ಬನ್ನು ಕೆಳಗಿಳಿಯದಂತೆ ಉಳಿಸಿದವರು. ಆಮೇಲೆ ಒಸಾಸುನಾ, ಜಿರೋನಾ, ಎಲ್ಚೆ, ಮಯೋರ್ಕಾ, ಸೈಪ್ರಸ್. ಗೋಲಿನ ಸಂಖ್ಯೆ ಎಲ್ಲೂ ದೊಡ್ಡದಲ್ಲ.

ಗೋವಾದಲ್ಲಿ? ಮೊದಲ ಸೀಸನ್ 18, ಎರಡನೆಯದು 16, ಮೂರನೆಯದು 14. ಒಟ್ಟು 57 ಪಂದ್ಯ, 48 ಗೋಲು. ಎರಡು ಸಲ ಗೋಲ್ಡನ್ ಬೂಟ್, ಅಂದರೆ ಸೀಸನ್ನಿನಲ್ಲಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿ. ಕೋಚ್ ಸೆರ್ಹಿಯೊ ಲೊಬೆರಾ ಬಾಲ್ ಇಟ್ಟುಕೊಂಡು ಆಡಿಸುವವರು. ಹಿಂದೆ ಮಿಡ್‌ಫೀಲ್ಡ್‌ನಲ್ಲಿ ಲನ್ಸರೋತೆ, ಎಡು ಬೇಡಿಯಾ, ಜಾಹೂ. ಪಕ್ಕದಲ್ಲಿ ನಮ್ಮ ಬ್ರ್ಯಾಂಡನ್, ಮಂದಾರ್. ಕೊರೊ ಎಲ್ಲಿ ಓಡುತ್ತಾರೆ ಅಂತ ಇವರಿಗೆಲ್ಲ ಗೊತ್ತಿತ್ತು. ಲೀಗು ಸ್ಪೇನಿಗಿಂತ ಸುಲಭ, ಪಂದ್ಯಗಳೂ ಕಡಿಮೆ, ನಿಜ. ಆದರೆ ಅದೇ ಲೀಗಿಗೆ ಬಂದು ಏನೂ ಮಾಡಲಾಗದೆ ಹೋದ ಸ್ಟ್ರೈಕರ್‌ಗಳೂ ಬೇಕಾದಷ್ಟಿದ್ದಾರೆ, ಅಲ್ವಾ?

(2019ರ ಮಾರ್ಚ್ 17ರ ಫೈನಲ್‌ನಲ್ಲಿ ಬೆಂಗಳೂರು ಇದೇ ಗೋವಾವನ್ನು 1-0 ಸೋಲಿಸಿತು. 117ನೇ ನಿಮಿಷ, ರಾಹುಲ್ ಭೇಕೆ ಹೆಡರ್. ಆವತ್ತು ಕುಣಿದಿದ್ದೇನೆ. ಆದರೂ ಕೊರೊ ಮುಖ ನೋಡಿ ಸಂಕಟವಾಗಿತ್ತು.)

ಕೊರೊ ಹೋದ ಮೇಲೆ ಗೋವಾಗೆ ಬಂದವರು ಅದೇ ಇಗೊರ್ ಅಂಗುಲೊ, 36ನೇ ವಯಸ್ಸಿನಲ್ಲಿ. 2020ರ ನವೆಂಬರ್ 22, ಕೊರೋನಾ ಕಾಲ, ಫತೋರ್ಡಾದಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲ. ಬೆಂಗಳೂರು 2-0 ಮುಂದಿತ್ತು. ಅಂಗುಲೊ ನಾಲ್ಕೈದು ನಿಮಿಷದ ಒಳಗೆ ಎರಡು ಗೋಲು ಹೊಡೆದು ಸಮ ಮಾಡಿದರು. ಆ ಸೀಸನ್ 14 ಗೋಲು, ಗೋಲ್ಡನ್ ಬೂಟ್. ಮಿಡ್‌ಫೀಲ್ಡ್‌ನಲ್ಲಿ ಎಡು ಬೇಡಿಯಾ ಇನ್ನೂ ಅಲ್ಲೇ ಇದ್ದರು ನೋಡಿ.

ಇದಕ್ಕೆ ಎದುರು ಇಟ್ಟು ನೋಡಬೇಕಾದ್ದು ಮಾನುಯೆಲ್ ಓನ್ವು. ನವಾರ್ರಾದವರು, ಒಸಾಸುನಾದಲ್ಲಿ ಬೆಳೆದವರು. 2019ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. ಸ್ಟ್ರೈಕರ್ ಮಿಕು ಬಿಟ್ಟುಹೋದ ಜಾಗ ಅದು, ಕಂಠೀರವದಲ್ಲಿ ಎಲ್ಲರಿಗೂ ಆಸೆ ಜಾಸ್ತಿ. ಹೊಂದಿಕೆ ಆಗಲೇ ಇಲ್ಲ. 2020ರ ಜನವರಿಯಲ್ಲಿ ಒಡಿಶಾಗೆ ಲೋನ್ ಮೇಲೆ ಹೋದರು. ಅಲ್ಲಿ ಸ್ಟ್ರೈಕರ್ ಅರಿದಾನೆ ಸಂತಾನಾ ಗಾಯಗೊಂಡು ಜಾಗ ಖಾಲಿಯಾಗಿತ್ತು. ಸೀಸನ್ ಮುಗಿಯುವಷ್ಟರಲ್ಲಿ 7 ಗೋಲು ಹೊಡೆದರು. ಕೇರಳ ಜೊತೆಗಿನ 4-4 ಪಂದ್ಯದಲ್ಲಿ ಹ್ಯಾಟ್ರಿಕ್. ಅದೇ ಲೀಗ್, ಅದೇ ಸೀಸನ್, ಅದೇ ಆಟಗಾರ. ಇಂಗ್ಲೆಂಡಿನಿಂದ ಅಲಾವೆಸ್‌ಗೆ ಬಂದ ಆ ಇಬ್ಬರಿಗೆ ಆದದ್ದೇ ಇಲ್ಲಿ ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋದವರಿಗೂ ಆಯಿತು.

ಹಾಗಾಗಿ ಮುಂದಿನ ಸಲ ನಮ್ಮ ಕ್ಲಬ್ ಸ್ಪೇನಿನ ಸ್ಟ್ರೈಕರ್‌ನನ್ನು ಕರೆಸಿದಾಗ ಅವನ ಹಳೇ ಗೋಲು ಲೆಕ್ಕ ಮಾತ್ರ ನೋಡಬೇಡಿ. ಅವನ ಗೋಲುಗಳು ಹೇಗೆ ಬಂದವು ನೋಡಿ. ಕ್ರಾಸ್‌ನಿಂದಲೋ, ನೆಲದ ಪಾಸ್‌ನಿಂದಲೋ? ಅಂಥ ಪಾಸ್ ಕೊಡುವವರು ನಮ್ಮಲ್ಲಿ ಇದ್ದಾರಾ? ಮೂವತ್ತು ದಾಟಿದ ಸ್ಟ್ರೈಕರ್‌ಗೆ ಏಷ್ಯಾ ಒಳ್ಳೆಯ ದಾರಿಯೇ. ಆದರೆ ತನ್ನ ಥರ ಆಡುವ ಇಬ್ಬರಾದರೂ ಅಲ್ಲಿರಬೇಕು.

ಮನೆಗೆ ಹೋಗುವುದು

ಇದು ಲೆಕ್ಕಕ್ಕೆ ಸಿಗದ ದಾರಿ. ನನಗೆ ತುಂಬಾ ಇಷ್ಟವಾದದ್ದೂ ಇದೇ.

ಸ್ಪೇನಿನಲ್ಲಿ ವೃತ್ತಿಪರ ಆಟಗಾರರ ಒಪ್ಪಂದದಲ್ಲಿ ಬಿಡುಗಡೆಯ ಮೊತ್ತ ಅಂತ ಒಂದು ಇರುತ್ತದೆ. 1985ರ ನಿಯಮದಿಂದ ಬಂದ ರೂಢಿ ಇದು. ಅಷ್ಟು ಹಣ ಕಟ್ಟಿದರೆ ಆಟಗಾರ ಹೊರಡಬಹುದು. ಸಾಮಾನ್ಯವಾಗಿ ಕಟ್ಟುವುದು ಕರೆಸಿಕೊಳ್ಳುವ ಕ್ಲಬ್. 2023ರ ಜನವರಿಯಲ್ಲಿ ಲೂಕಾಸ್ ಪೆರೆಸ್ ಕಾದಿಸ್ ತಂಡದಲ್ಲಿದ್ದರು, ಅಂದರೆ ಮೊದಲ ಡಿವಿಷನ್‌ನಲ್ಲಿ. ದೆಪೋರ್ತಿವೊ ಆಗ ಮೂರನೇ ಡಿವಿಷನ್‌ನಲ್ಲಿತ್ತು. 2000ದಲ್ಲಿ ಸ್ಪೇನ್ ಲೀಗ್ ಗೆದ್ದಿದ್ದ ಕ್ಲಬ್ 2020ರಿಂದ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಲೂಕಾಸ್ ತನ್ನ ಬಿಡುಗಡೆಗೆ ಸುಮಾರು 5 ಲಕ್ಷ ಯೂರೋ ತನ್ನ ಜೇಬಿನಿಂದ ಕಟ್ಟಿದರು. ಎರಡು ಮೆಟ್ಟಿಲು ಕೆಳಗಿಳಿದು, ಕಡಿಮೆ ಸಂಬಳಕ್ಕೆ, ಹುಟ್ಟೂರಿಗೆ ಹೋದರು.

ಹಣದ ಲೆಕ್ಕದಲ್ಲಿ ಇಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ. ಆದರೆ ನನ್ನ ಪ್ರಶ್ನೆ ಕೇಳಿ ನೋಡಿ. ಬಾಲ್ ಯಾರು ಕೊಡುತ್ತಾರೆ? ಎಲ್ಲರೂ. ಆ ತಂಡದ ಪ್ರತಿ ದಾಳಿಯೂ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ಫ್ರೀ ಕಿಕ್, ಕಾರ್ನರ್ ಎಲ್ಲ ಅವರದೇ. ಕ್ಲಬ್ಬಿನ ರಿಯಾಸೋರ್ ಮೈದಾನ ಅವರ ಹೆಸರು ಕೂಗುತ್ತಿತ್ತು. 2015ರಲ್ಲಿ ಇದೇ ಕ್ಲಬ್ ಇಳಿಯುವ ಅಂಚಿನಲ್ಲಿದ್ದಾಗ, ಸೀಸನ್ನಿನ ಕೊನೆಯ ದಿನ ಬಾರ್ಸಿಲೋನಾ ಮೈದಾನದಲ್ಲಿ 2-0 ಹಿಂದಿದ್ದಾಗ, ಮೊದಲ ಗೋಲು ತಿರುಗಿಸಿ ಕೊಟ್ಟವರು ಇವರೇ. 2-2 ಆಗಿ ದೆಪೋರ್ತಿವೊ ಉಳಿದಿತ್ತು. ಊರಿನವರು ಅದನ್ನು ಮರೆತಿರಲಿಲ್ಲ.

ಮೊದಲ ಪ್ರಯತ್ನದಲ್ಲಿ ಮೇಲೆ ಬರಲು ಆಗಲಿಲ್ಲ. 2024ರ ಮೇ 12ರಂದು ಬಾರ್ಸಿಲೋನಾದ ಎರಡನೇ ತಂಡದ ಜೊತೆ ಪಂದ್ಯ, ಮೈದಾನ ಭರ್ತಿ. ಗೆದ್ದರೆ ಎರಡನೇ ಡಿವಿಷನ್. ಬಾಕ್ಸಿನ ಹೊರಗೆ ಫ್ರೀ ಕಿಕ್ ಸಿಕ್ಕಿತು. ಲೂಕಾಸ್ ಎಡಗಾಲಲ್ಲಿ ಹೊಡೆದರು. ಬಾಲ್ ಬಲೆಯೊಳಗೆ. ಆ ಒಂದೇ ಗೋಲು, 1-0. ನಾಲ್ಕು ವರ್ಷದ ಮೇಲೆ ದೆಪೋರ್ತಿವೊ ಮೇಲೆ ಬಂತು. ಹೊಸೆಲು ಬರ್ನಬೇವುನಲ್ಲಿ ಆ ಎರಡು ಗೋಲು ಹೊಡೆದು ಆಗಿನ್ನೂ ನಾಲ್ಕೇ ದಿನ. ವಿಟೋರಿಯಾದಲ್ಲಿ ಒಟ್ಟಿಗೆ ಮುಂದೆ ನಿಂತಿದ್ದ ಇಬ್ಬರಿಗೂ ಒಂದೇ ವಾರದಲ್ಲಿ ಬದುಕಿನ ದೊಡ್ಡ ಗೋಲು.

ಯಾರು ಈ ದಾರಿ ಹಿಡಿಯಬೇಕು? ಸಾಕಷ್ಟು ದುಡಿದು ಇಟ್ಟವರು. ಕಾಲಲ್ಲಿ ಇನ್ನೂ ಎರಡು ವರ್ಷದ ಆಟ ಇರುವಾಗಲೇ ಹೋಗುವವರು. ಮುಗಿದ ಮೇಲೆ ಹೋದರೆ ಊರಿನವರು ಚಪ್ಪಾಳೆ ತಟ್ಟುತ್ತಾರೆ, ಆದರೆ ತಂಡಕ್ಕೆ ಉಪಯೋಗವಿಲ್ಲ. ಲೂಕಾಸ್ ಹೋಗಿದ್ದು 34ರಲ್ಲಿ, ಸರಿಯಾದ ಹೊತ್ತಿಗೆ. ಕಡೆಯವರೆಗೂ ಅಲ್ಲೇ ಇರುತ್ತಾರೆ ಅಂತ ನಾನಂದುಕೊಂಡಿದ್ದೆ. 2025ರ ಆರಂಭದಲ್ಲಿ ಅವರು ದೆಪೋರ್ತಿವೊ ಬಿಟ್ಟು ನೆದರ್ಲೆಂಡ್ಸಿನ ಪಿಎಸ್‌ವಿ ತಂಡಕ್ಕೆ ಹೋದರು, 36ನೇ ವಯಸ್ಸಿನಲ್ಲಿ.